ಮಾಯಕೊಂಡದ ಮಳೆ ಮತ್ತು ಕಡಲಿನ ಬಿಸಿ: ವೀಕ್ಷಣೆಯ ಎರಡು ಪರಂಪರೆಗಳು

ಕರ್ನಾಟಕದ ಚರಿತ್ರೆಯಲ್ಲಿ ಮಾಯಕೊಂಡದ ಹೆಸರು ದಾಖಲಾಗಿರುವುದು ಒಂದು ಕಾಳಗದ ಕಾರಣಕ್ಕಾಗಿ. 1748ರಲ್ಲಿ ನಡೆದ ಆ ಕಾಳಗದಲ್ಲಿ ಚಿತ್ರದುರ್ಗದ ಹಿರೇ ಮದಕರಿನಾಯಕ ಮಡಿದನು. ಪಾಳೆಯಗಾರರ ಇತಿಹಾಸ ಬರೆದವರೆಲ್ಲ ಈ ಸ್ಥಳವನ್ನು ಅಷ್ಟಕ್ಕೇ ನೆನೆದು ಮುಂದೆ ಸಾಗಿದ್ದಾರೆ. ಆದರೆ ಈ ನೆಲದಲ್ಲಿ ಬಾಳಿದ ಒಕ್ಕಲು ಸಮುದಾಯಕ್ಕೆ ಕಾಳಗಕ್ಕಿಂತ ದೊಡ್ಡ ಸಂಗತಿ ಮಳೆ. ಅದರ ಇತಿಹಾಸವನ್ನು ಬರೆಯಲು ಹೊರಟವರು ಊರಿನ ಗಡಿಯೊಳಗೆ ನಿಲ್ಲುವಂತಿಲ್ಲ. ಮಾಯಕೊಂಡದಿಂದ ನೇರ ಪಡುವಣಕ್ಕೆ ಗೆರೆ ಎಳೆದರೆ ಅದು ಸುಮಾರು 175 ಕಿಲೋಮೀಟರ್ ದೂರದಲ್ಲಿ ಹೊನ್ನಾವರದ ಬಳಿ ಅರಬ್ಬೀ ಕಡಲನ್ನು ಮುಟ್ಟುತ್ತದೆ. ಎರಡೂ ಊರುಗಳು ಒಂದೇ ಅಕ್ಷಾಂಶದಲ್ಲಿವೆ. ಹೊನ್ನಾವರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿಗೆ ದಕ್ಕುವುದು ಆರುನೂರರ ಆಸುಪಾಸು. ಘಟ್ಟ ಉಳಿಸಿ ಕಳುಹಿಸಿದ ಮುಂಗಾರು ಇಲ್ಲಿನ ಬಿತ್ತನೆಗೆ ಆಧಾರ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮೂಡಣದ ಬಂಗಾಳ ಕೊಲ್ಲಿಯ ಕಡೆಯಿಂದ ತಿರುಗಿ ಬರುವ ಮಳೆ ಕಾಳು ಕಟ್ಟುವುದಕ್ಕೆ ಆಧಾರ. ಕಡಲನ್ನು ಕಾಣದ ಈ ಊರು ಎರಡು ಕಡಲುಗಳ ಋಣದಲ್ಲಿದೆ.

ಮಳೆಯನ್ನು ಕುರಿತ ಅರಿವು ಇಲ್ಲಿ ಎರಡು ದಾರಿಗಳಲ್ಲಿ ಬೆಳೆದಿದೆ. ಒಂದು, ನೆಲದ ಮೇಲೆ ನಿಂತು ಮುಗಿಲನ್ನು ನೋಡಿದ ಜನಪದರ ವೀಕ್ಷಣೆ. ಇನ್ನೊಂದು, ಕಡಲಿನ ನೀರಿಗೆ ಉಷ್ಣತಾಮಾಪಕ ಇಳಿಸಿದವರ ವೀಕ್ಷಣೆ. ಇವೆರಡೂ ಬಹುಕಾಲ ಪರಸ್ಪರ ಪರಿಚಯವಿಲ್ಲದೆ ಬೆಳೆದವು. ಕಡಲಿನ ಮೇಲ್ಮೈ ಉಷ್ಣತೆಯನ್ನು ಮುಂಗಾಣುವ ವಿದ್ಯೆ ವೀಕ್ಷಣೆಗಳಿಂದ ಹೇಗೆ ಸುಧಾರಿಸಿತು, ಅದರಲ್ಲಿ ಕರ್ನಾಟಕದ ಪಾಲೇನು, ಒಣಬೇಸಾಯದ ಹೊಲಕ್ಕೆ ಅದರಿಂದ ಆದದ್ದೇನು ಎಂಬುದನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಮಳೆನಕ್ಷತ್ರಗಳನ್ನು ಗಮನಿಸಬೇಕು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳ ಅವಧಿಯನ್ನು ಒಂದು ‘ಮಳೆ’ ಎಂದು ಕರೆಯುವ ಪದ್ಧತಿ ಕನ್ನಡ ನಾಡಿನಾದ್ಯಂತ ಇದೆ. ಏಪ್ರಿಲ್ ಕೊನೆಯ ವಾರದ ಭರಣಿಯಿಂದ ಹಿಡಿದು ನವೆಂಬರಿನ ವಿಶಾಖದವರೆಗೆ ಒಂದೊಂದು ಮಳೆಗೂ ಒಂದೊಂದು ಗುಣ, ಒಂದೊಂದು ಕೆಲಸ ನಿಗದಿಯಾಗಿದೆ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’, ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಎಂಬ ಗಾದೆಗಳನ್ನು ಕೇಳದ ರೈತರಿಲ್ಲ. ಇವುಗಳನ್ನು ಪ್ರಾಸದ ಚಮತ್ಕಾರವೆಂದು ಸಂಕಲನಗಳಲ್ಲಿ ಸೇರಿಸಿ ಬಿಟ್ಟಿರುವುದು ನಮ್ಮ ಜಾನಪದ ಸಂಗ್ರಹಕಾರ್ಯದ ಒಂದು ಕೊರತೆ. ವಾಸ್ತವವಾಗಿ ಇವು ದತ್ತಾಂಶದ ಸಾರಾಂಶಗಳು. ಜೂನ್ ಕೊನೆಯ ಆರಿದ್ರೆಯಲ್ಲಿ ಹದ ಸಿಕ್ಕರೆ ಮುಂಗಾರು ಬಿತ್ತನೆ ಉಳಿಯುತ್ತದೆ, ಸಿಗದಿದ್ದರೆ ವರ್ಷವೇ ಕೈಬಿಡುತ್ತದೆ ಎಂಬ ನಿರ್ಣಯಕ್ಕೆ ಬರಲು ಎಷ್ಟೋ ತಲೆಮಾರುಗಳ ಬಿತ್ತನೆ ಮತ್ತು ಎಷ್ಟೋ ತಲೆಮಾರುಗಳ ಹಸಿವು ಬೇಕಾಗಿತ್ತು.

ಈ ಪದ್ಧತಿಯ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ನಕ್ಷತ್ರಗಳ ಲೆಕ್ಕದ ವರ್ಷವು ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದು. ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ, ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಇಡೀ ಮಳೆನಕ್ಷತ್ರದಷ್ಟು ವ್ಯತ್ಯಾಸ ಬೀಳುತ್ತದೆ. ಇಂದು ಭರಣಿಯಲ್ಲಿ ಸುರಿಯುವ ಮಳೆಯು ಸಾವಿರ ವರ್ಷದ ಹಿಂದೆ ಕೃತ್ತಿಕೆಯ ಲೆಕ್ಕಕ್ಕೆ ಸೇರುತ್ತಿತ್ತು. ಆದ್ದರಿಂದ ಗಾದೆಗಳು ಅನಾದಿಕಾಲದಿಂದ ಬದಲಾಗದೆ ಬಂದಿವೆ ಎಂಬ ಭಾವನೆ ಸರಿಯಲ್ಲ. ಅವು ಇಂದಿಗೂ ಹೊಂದುತ್ತವೆ ಎಂದಾದರೆ, ನಡುವೆ ಯಾರೋ ನೋಡಿ, ಪರೀಕ್ಷಿಸಿ, ಸದ್ದಿಲ್ಲದೆ ತಿದ್ದಿರಬೇಕು. ಜನಪದದ ಸ್ಮೃತಿ ಕಲ್ಲಿನ ಬರಹವಲ್ಲ, ಪ್ರತಿ ತಲೆಮಾರಿನಲ್ಲಿ ಹೊಸ ವೀಕ್ಷಣೆಯಿಂದ ತಿದ್ದಿಕೊಳ್ಳುವ ಲೆಕ್ಕದ ಪುಸ್ತಕ ಎಂದು ಹೇಳಲು ಇದೊಂದು ಆಧಾರ.

ಆದರೂ ಈ ಅರಿವಿಗೆ ಒಂದು ಮಿತಿಯಿದೆ. ಆರಿದ್ರೆ ಸಾಮಾನ್ಯವಾಗಿ ಹೇಗಿರುತ್ತದೆ ಎಂದು ಗಾದೆ ಹೇಳುತ್ತದೆ. ಈ ವರ್ಷದ ಆರಿದ್ರೆ ಹೇಗಿರುತ್ತದೆ ಎಂದು ಹೇಳಲಾರದು. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದವರು ಇರುವೆಗಳು ಮೊಟ್ಟೆ ಹೊತ್ತು ಸಾಗುವುದನ್ನು, ಗಾಳಿಯ ದಿಕ್ಕನ್ನು, ಚಂದ್ರನ ಸುತ್ತ ಕಟ್ಟುವ ಕಣವನ್ನು ನೋಡಿದರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯ ವೇಳೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರಣಿಕಕ್ಕೆ ದಾವಣಗೆರೆ ಸೀಮೆಯ ಜನರೂ ಕಿವಿಗೊಡುತ್ತಾರೆ. ಆ ಸಾಲನ್ನು ಮಳೆ-ಬೆಳೆಗೆ ಅನ್ವಯಿಸಿ ಅರ್ಥ ಬಿಡಿಸುವುದು ಇಂದಿಗೂ ನಡೆದಿದೆ. ಮಳೆ ತಡವಾದರೆ ಗುರ್ಜಿ, ಮಳೆರಾಯನ ಮೆರವಣಿಗೆ, ಕಪ್ಪೆಗಳ ಮದುವೆ. ಇವುಗಳ ಸಾಂಸ್ಕೃತಿಕ ಅರ್ಥ ಬೇರೆ ವಿಷಯ. ಇಲ್ಲಿ ಪ್ರಸ್ತುತವಾದುದು ಇಷ್ಟೆ: ಮಳೆಯ ಮೂಲವಾದ ಕಡಲು ಈ ಯಾವ ಕಣ್ಣಿಗೂ ಕಾಣುವಂತಿರಲಿಲ್ಲ.

ಆ ಕಾಣದಿರುವಿಕೆಗೆ ತೆತ್ತ ಬೆಲೆ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಗೋಚರಿಸುತ್ತದೆ. 1876-78ರ ಆ ಕ್ಷಾಮವನ್ನು ಹಳೆಯ ಮೈಸೂರಿನ ಜನ ಇಂದಿಗೂ ‘ದೊಡ್ಡ ಬರ’ ಎನ್ನುತ್ತಾರೆ. 1871ರ ಜನಗಣತಿಯಲ್ಲಿ ಮೈಸೂರು ಪ್ರಾಂತದ ಜನಸಂಖ್ಯೆ 50 ಲಕ್ಷಕ್ಕೂ ಹೆಚ್ಚಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ವರ್ಷಗಳಲ್ಲಿ ಶಾಂತಸಾಗರದ ನಡುಗೆರೆಯ ನೀರು ಅತಿಯಾಗಿ ಬಿಸಿಯಾಗಿತ್ತೆಂದು, ಅಂದರೆ ಪ್ರಬಲ ಎಲ್‌ನಿನೊ ಇತ್ತೆಂದು, ಹಳೆಯ ಹಡಗುಗಳ ದಿನಚರಿ ಮತ್ತು ವಾಯುಭಾರದ ದಾಖಲೆಗಳಿಂದ ಮುಂದೆ ತಿಳಿದುಬಂದಿತು. ಜನ ಸಾಯುತ್ತಿದ್ದಾಗ ಅದು ಯಾರಿಗೂ ತಿಳಿದಿರಲಿಲ್ಲ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಹರವನ್ನು ಆಧರಿಸಿ ಮುಂಗಾರಿನ ಮುನ್ಸೂಚನೆ ಕೊಡಲಾರಂಭಿಸಿದರು. ಮೈಸೂರು ಸಂಸ್ಥಾನವು ತನ್ನದೇ ಹವಾಮಾನ ವಿಭಾಗವನ್ನು ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ನೇತೃತ್ವದಲ್ಲಿ ಬೆಳೆಸಿತು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ 1893ರ ಫಲಿತಾಂಶಗಳು ವರದಿಯಾಗಿ ಅಚ್ಚಾದವು. ಮಾಯಕೊಂಡದ ಸೀಮೆಗೆ ಹತ್ತಿರದ್ದು ಚಿತ್ರದುರ್ಗ. ಗಾದೆಯ ಪಕ್ಕದಲ್ಲಿ ಅಂಕಿ ಬಂದು ಕುಳಿತದ್ದು ಆಗ. 1904ರಿಂದ 1924ರವರೆಗೆ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಲೋಕದ ನಾನಾ ಕಡೆಯ ವಾಯುಭಾರದ ಅಂಕಿಗಳನ್ನು ಹೋಲಿಸಿ, ಶಾಂತಸಾಗರ ಮತ್ತು ಹಿಂದೂ ಮಹಾಸಾಗರಗಳ ನಡುವೆ ತಕ್ಕಡಿಯಂತೆ ತೂಗುವ ಒತ್ತಡದ ಏರಿಳಿತವನ್ನು ಗುರುತಿಸಿದರು. ಆ ತಕ್ಕಡಿಯನ್ನು ತೂಗುವುದು ಕಡಲ ಮೇಲ್ಮೈಯ ಬಿಸಿ ಎಂಬ ನಂಟನ್ನು ಯಾಕೋಬ್ ಬ್ಯರ್ಕ್‌ನೆಸ್ ತೋರಿಸಿಕೊಟ್ಟದ್ದು 1960ರ ದಶಕದಲ್ಲಿ. ನಡುವಿನ ನಾಲ್ಕು ದಶಕ ವಾಕರರ ಶೋಧ ಕಾರಣ ಕಾಣದ ಗಾದೆಯಂತೆಯೇ ಉಳಿದಿತ್ತು.

ಕಡಲಿನ ಉಷ್ಣತೆಯನ್ನು ಅಳೆದ ಬಗೆ ಸ್ವಾರಸ್ಯಕರವಾದುದು. ಹಡಗಿನವರು ಹಗ್ಗ ಕಟ್ಟಿದ ಬಕೆಟ್ಟನ್ನು ಕಡಲಿಗೆ ಇಳಿಸಿ, ನೀರು ಸೇದಿ, ಅದರಲ್ಲಿ ಉಷ್ಣತಾಮಾಪಕ ಇಟ್ಟು ಓದಿ ದಿನಚರಿಯಲ್ಲಿ ಬರೆಯುತ್ತಿದ್ದರು. ಬಾವಿಯಿಂದ ನೀರು ಸೇದುವ ಕ್ರಮಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮರದ ಬಕೆಟ್ಟಿನ ನೀರು ಅಷ್ಟಾಗಿ ತಣಿಯುವುದಿಲ್ಲ. ಕ್ಯಾನ್ವಾಸ್ ಬಕೆಟ್ಟಿನಲ್ಲಿ ನೀರು ಆವಿಯಾಗಿ, ಓದುವಷ್ಟರಲ್ಲಿ ಬಿಸಿ ಕೊಂಚ ಇಳಿದಿರುತ್ತದೆ. ಎಂಜಿನ್ನಿಗೆ ಒಳಸೇರುವ ನೀರನ್ನು ಅಳೆದರೆ ಬಿಸಿ ಕೊಂಚ ಏರಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಗಳ ಎಂಜಿನ್-ನೀರಿನ ಅಳತೆಗಳೇ ಹೆಚ್ಚಾಗಿದ್ದು, ಯುದ್ಧ ಮುಗಿದೊಡನೆ ಬ್ರಿಟಿಷ್ ಹಡಗುಗಳ ಬಕೆಟ್ ಅಳತೆಗಳು ಹೆಚ್ಚಿದುದರಿಂದ ಲೋಕದ ಕಡಲುಗಳೆಲ್ಲ 1945ರಲ್ಲಿ ಹಠಾತ್ತನೆ ತಂಪಾದಂತೆ ದಾಖಲೆಯಲ್ಲಿ ಕಾಣಿಸಿತು. ಇದು ಕಡಲಿನ ಬದಲಾವಣೆಯಲ್ಲ, ಬಕೆಟ್ಟಿನ ಬದಲಾವಣೆ ಎಂದು ವಿದ್ವಾಂಸರು ಸ್ಪಷ್ಟಪಡಿಸಿದ್ದು 2008ರಲ್ಲಿ. ಕಥೆಯನ್ನು ಯಾರು ಹೇಳಿದರು, ಯಾರ ಮುಂದೆ ಹೇಳಿದರು, ಯಾವ ಸಾಧನದಲ್ಲಿ ಧ್ವನಿಮುದ್ರಿಸಿಕೊಂಡರು ಎಂದು ಕೇಳದೆ ಪಾಠವನ್ನು ನಂಬಬಾರದೆಂಬ ಜಾನಪದ ಕ್ಷೇತ್ರಕಾರ್ಯದ ನಿಯಮ ಕಡಲಿನ ಅಂಕಿಗಳಿಗೂ ಅನ್ವಯಿಸುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಗಂಭೀರ. 1982ರಲ್ಲಿ ಶಾಂತಸಾಗರ ಅಸಾಧಾರಣವಾಗಿ ಬಿಸಿಯಾಗುತ್ತಿದ್ದಾಗ ಅಮೆರಿಕದ ಮುನ್ಸೂಚನಾ ಕೇಂದ್ರಕ್ಕೆ ಅದು ಬಹುಕಾಲ ಗೊತ್ತಾಗಲಿಲ್ಲ. ಮೆಕ್ಸಿಕೊದ ಎಲ್ ಚಿಚೊನ್ ಜ್ವಾಲಾಮುಖಿಯ ಧೂಳು ಉಪಗ್ರಹಗಳ ಕಣ್ಣಿಗೆ ಅಡ್ಡವಾಗಿ ಅವು ನೀರನ್ನು ತಂಪೆಂದು ತೋರಿದವು. ಹಡಗುಗಳು ಸರಿಯಾದ ಅಳತೆಯನ್ನೇ ಕಳುಹಿಸಿದ್ದವು. ಆದರೆ ಅವು ವಾಡಿಕೆಯ ಉಷ್ಣತೆಗಿಂತ ಬಹಳ ಹೆಚ್ಚಿದ್ದುದರಿಂದ ಗಣಕಯಂತ್ರ ಅವನ್ನು ತಪ್ಪು ಅಂಕಿಗಳೆಂದು ತಳ್ಳಿಹಾಕಿತು. ಆ ವರ್ಷ ಭಾರತದ ಮುಂಗಾರೂ ಕೊರತೆಯಾಯಿತು. ವಾಡಿಕೆಗೆ ಹೊಂದದ ಪಾಠವನ್ನು ಅಶುದ್ಧವೆಂದು ಕೈಬಿಡುವ ಸಂಪಾದಕನ ಕೆಲಸವನ್ನೇ ಯಂತ್ರವೂ ಮಾಡಿತ್ತು. ಈ ಘಟನೆಯ ತರುವಾಯ ಶಾಂತಸಾಗರದ ನಡುಗೆರೆಯುದ್ದಕ್ಕೂ ಲಂಗರು ಹಾಕಿದ ತೇಲುಬುರುಡೆಗಳ ಸಾಲು 1994ರ ಹೊತ್ತಿಗೆ ಪೂರ್ಣಗೊಂಡಿತು. ಹಿಂದೂ ಮಹಾಸಾಗರಕ್ಕೆ ಅಂಥ ಸಾಲು ಬರಲಾರಂಭಿಸಿದ್ದು 2004ರಲ್ಲಿ.

ಈ ಇತಿಹಾಸದಲ್ಲಿ ಕರ್ನಾಟಕದ ಪಾಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ ಬಂದುದು. 1982ರಲ್ಲಿ ಅಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರ ಆರಂಭವಾಯಿತು. ಮುಂದೆ ಸಾಗರವಿಜ್ಞಾನವೂ ಅದರ ಹೆಸರಿನಲ್ಲಿ ಸೇರಿತು. ಸುಲೋಚನಾ ಗಾಡ್ಗೀಳರು ಪಿ.ವಿ. ಜೋಸೆಫ್ ಮತ್ತು ಎನ್.ವಿ. ಜೋಶಿಯವರೊಡನೆ 1984ರಲ್ಲಿ ಪ್ರಕಟಿಸಿದ ಸಂಶೋಧನೆ ಒಂದು ಮಹತ್ವದ ಗಡಿರೇಖೆಯನ್ನು ಗುರುತಿಸಿತು. ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗಿದ್ದಲ್ಲಿ ದೊಡ್ಡ ಮಳೆಮೋಡಗಳ ಸಮೂಹ ಏಳುವುದು ವಿರಳ. ಆ ಗಡಿ ದಾಟಿದ ಮೇಲೆ ಮೋಡ ಏಳಬಹುದು, ಏಳದೆಯೂ ಇರಬಹುದು. ಬಿಸಿ ಬೇಕು, ಬಿಸಿಯೊಂದೇ ಸಾಲದು. ಇದರ ಪರಿಣಾಮವನ್ನು ವಿವರಿಸಿ ಹೇಳಬೇಕು. ಮುಂಗಾರಿನ ಮುಂಚೆ ನಮ್ಮ ಸುತ್ತಲಿನ ಕಡಲುಗಳು ಈ ಗಡಿರೇಖೆಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರುತ್ತವೆ. ಹೀಗಿರುವಾಗ ಮುನ್ಸೂಚನೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಮೋಡವಿದ್ದಲ್ಲಿ ಮೋಡವಿಲ್ಲವೆಂದು ಲೆಕ್ಕ ಬರಬಹುದು. ಕಡಲಿನ ಉಷ್ಣತೆಯನ್ನು ಇಷ್ಟು ನಿಖರವಾಗಿ ತಿಳಿಯುವ ಹಟಕ್ಕೆ ಕಾರಣ ಇದೇ.

ಮಳೆಗಾಲದ ಕಡಲನ್ನು ನೋಡುವುದು ಸುಲಭವಲ್ಲ. ಅವಕೆಂಪು ಕಿರಣದ ಉಪಗ್ರಹಗಳಿಗೆ ಮೋಡವೇ ಪರದೆ. ಮಳೆ ಎಲ್ಲಿ ಹುಟ್ಟುತ್ತದೆಯೋ ಅಲ್ಲಿಯೇ ಅವು ಕುರುಡು. 1997ರ ನವೆಂಬರಿನಲ್ಲಿ ಹಾರಿದ ಉಷ್ಣವಲಯ ಮಳೆ ಅಳತೆಯ ಉಪಗ್ರಹದ ಮೈಕ್ರೋವೇವ್ ಉಪಕರಣ ಮೋಡದ ಮೂಲಕವೂ ನೀರಿನ ಬಿಸಿಯನ್ನು ಓದಬಲ್ಲುದಾಗಿತ್ತು. ಅದೇ ಕಾಲದಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಬಂಗಾಳ ಕೊಲ್ಲಿಯಲ್ಲಿ ತೇಲುಬುರುಡೆಗಳನ್ನು ನೆಲೆಗೊಳಿಸಿತು. ಇವೆರಡರ ಆಧಾರದಿಂದ ವಿಜ್ಞಾನ ಸಂಸ್ಥೆಯ ದೇಬಶಿಶ್ ಸೇನ್‌ಗುಪ್ತ ಮತ್ತು ಎಂ. ರವಿಚಂದ್ರನ್ 1998ರ ಮುಂಗಾರನ್ನು ಅಭ್ಯಸಿಸಿದರು. ಕೊಲ್ಲಿಯ ನೀರು ಮಳೆಗಾಲವಿಡೀ ಒಂದೇ ಬಿಸಿಯಲ್ಲಿರುತ್ತದೆ ಎಂಬ ತಿಳಿವಳಿಕೆಯನ್ನು ಅದು ಅಲುಗಿಸಿತು. ಮಳೆ ಜೋರಾಗಿದ್ದಾಗ ಮೋಡ ಬಿಸಿಲನ್ನು ತಡೆದು, ಗಾಳಿ ಆವಿಯನ್ನೊಯ್ದು ಕಡಲು ತಣಿಯುತ್ತದೆ. ಮಳೆ ಬಿಡುವು ಕೊಟ್ಟಾಗ ಮತ್ತೆ ಕಾಯುತ್ತದೆ. ಗಂಗಾ-ಬ್ರಹ್ಮಪುತ್ರೆಯರು ತಂದು ಸುರಿಯುವ ಸಿಹಿನೀರು ಉತ್ತರ ಕೊಲ್ಲಿಯ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುವುದರಿಂದ ಈ ಕಾಯುವಿಕೆ ಬೇಗ ನಡೆಯುತ್ತದೆ. ಬಯಲುಸೀಮೆಯಲ್ಲಿ ಮಳೆ ನಿಂತ ಬಿಡುವಿನ ದಿನಗಳಲ್ಲಿ ದೂರದ ಕೊಲ್ಲಿ ಮುಂದಿನ ಮಳೆಗೆ ಒಲೆ ಹೊತ್ತಿಸಿಕೊಳ್ಳುತ್ತಿರುತ್ತದೆ. 1999ರ ಜುಲೈ-ಆಗಸ್ಟ್‌ನಲ್ಲಿ ‘ಸಾಗರಕನ್ಯಾ’ ಮೊದಲಾದ ಹಡಗುಗಳನ್ನು ಕೊಲ್ಲಿಗೆ ಕಳುಹಿಸಿ ಮಾಡಿದ ಪ್ರಯೋಗದಲ್ಲೂ, 2016ರ ಜೂನ್-ಜುಲೈನಲ್ಲಿ ‘ಸಿಂಧು ಸಾಧನಾ’ ಹಡಗಿನಿಂದ ನೀರೊಳಗೆ ಜಾರುವ ಯಂತ್ರಗಳನ್ನು ಬಿಟ್ಟು ಮಾಡಿದ ಪ್ರಯೋಗದಲ್ಲೂ ಈ ಸಂಸ್ಥೆಯ ವಿದ್ವಾಂಸರು ಮುಖ್ಯ ಪಾತ್ರ ವಹಿಸಿದರು.

ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ತಕ್ಕಡಿಯಿದೆ ಎಂಬುದು 1999ರಲ್ಲಿ ಪ್ರಕಟವಾಯಿತು. ಪಡುವಣ ಭಾಗ ಬಿಸಿಯಾಗಿ ಸುಮಾತ್ರದ ಕಡೆ ತಂಪಾಗುವ ಈ ದ್ವಿಧ್ರುವ ಸ್ಥಿತಿಯನ್ನು ವಿವರಿಸಿದ ನಾಲ್ವರಲ್ಲಿ ವಿಜ್ಞಾನ ಸಂಸ್ಥೆಯ ಬಿ.ಎನ್. ಗೋಸ್ವಾಮಿ ಒಬ್ಬರು, ಉಳಿದವರು ಎನ್.ಎಚ್. ಸಾಜಿ, ಪಿ.ಎನ್. ವಿನಯಚಂದ್ರನ್ ಮತ್ತು ಟಿ. ಯಾಮಗಾಟ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್‌ನಿನೊ ಇದ್ದರೂ ಭಾರತದ ಮುಂಗಾರು ಸಾಧಾರಣವಾಗಿಯೇ ಆದ ಒಗಟಿಗೆ ಇಲ್ಲೊಂದು ಸುಳಿವು ಸಿಕ್ಕಿತು. ವ್ಯತಿರಿಕ್ತವಾಗಿ 2002ರಲ್ಲಿ ಸಾಧಾರಣ ಮಳೆಯ ಮುನ್ಸೂಚನೆ ಇದ್ದು, ಎಲ್‌ನಿನೊ ದುರ್ಬಲವಾಗಿದ್ದರೂ, ಜುಲೈ ತಿಂಗಳಲ್ಲಿ ದೇಶಕ್ಕೆ ಬಂದದ್ದು ವಾಡಿಕೆಯ ಅರ್ಧದಷ್ಟು ಮಳೆ ಮಾತ್ರ. ಕರ್ನಾಟಕಕ್ಕೆ ಅದು ಸತತ ಬರದ ನಡುವಿನ ವರ್ಷ. ಪುನರ್ವಸು, ಪುಷ್ಯ ಎರಡೂ ಕೈಕೊಟ್ಟ ಆ ವರ್ಷವನ್ನು ಬಯಲುಸೀಮೆಯ ರೈತರು ಮರೆತಿಲ್ಲ. ಆ ವೈಫಲ್ಯವೇ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳನ್ನು ಹಿಂದೂ ಮಹಾಸಾಗರದ ನಡುಗೆರೆಯ ಮೇಲಣ ಮೋಡ-ಗಾಳಿಗಳ ಏರಿಳಿತದತ್ತ ತಿರುಗಿಸಿತು.

ಇಷ್ಟು ವೀಕ್ಷಣೆಗಳು ಮುನ್ಸೂಚನೆಯನ್ನು ತಿದ್ದುವ ಕ್ರಮವನ್ನು ಕಣದ ನಿದರ್ಶನದಿಂದ ವಿವರಿಸಬಹುದು. ರಾಶಿಯನ್ನು ನೋಡಿದ ಹಿರಿಯನೊಬ್ಬ ‘ಇಷ್ಟು ಖಂಡುಗ’ ಎಂದು ಕಣ್ಣಳತೆಯಲ್ಲಿ ಹೇಳುತ್ತಾನೆ. ಕೊಳಗ ಹಿಡಿದವನು ರಾಶಿಯ ಒಂದು ಮೂಲೆಯನ್ನು ಅಳೆದು ಬೇರೆ ಅಂದಾಜು ಕೊಡುತ್ತಾನೆ. ಹಿರಿಯನ ಕಣ್ಣು ಹಿಂದೆ ಎಷ್ಟು ತಪ್ಪಿತ್ತು, ಕೊಳಗ ಎಷ್ಟು ಸವೆದಿದೆ ಎಂದು ತಿಳಿದವರು ಎರಡನ್ನೂ ಅವುಗಳ ನಂಬಿಕೆಗೆ ತಕ್ಕಂತೆ ಬೆರೆಸಿ ಮೂರನೆಯ ಅಂಕಿಗೆ ಬರುತ್ತಾರೆ. ಅದು ಮೊದಲಿನ ಎರಡಕ್ಕಿಂತ ಸತ್ಯಕ್ಕೆ ಹತ್ತಿರ. ಸಾಗರದ ಗಣಿತಮಾದರಿಯೇ ಹಿರಿಯನ ಕಣ್ಣು. ತೇಲುಯಂತ್ರ, ತೇಲುಬುರುಡೆ, ಹಡಗು, ಉಪಗ್ರಹಗಳ ಅಳತೆಯೇ ಕೊಳಗ. ಅಳತೆ ಸಿಕ್ಕ ಜಾಗ ಮಾತ್ರವಲ್ಲ, ಅದರ ಸುತ್ತಲ ನೀರೂ ಎಷ್ಟು ದೂರದವರೆಗೆ ಅದರಂತೆಯೇ ಇದ್ದೀತು ಎಂಬ ಲೆಕ್ಕವೂ ಇದರಲ್ಲಿ ಸೇರುತ್ತದೆ. ಹೀಗೆ ತಿದ್ದಿದ ಕಡಲಿನಿಂದ ಮಾದರಿ ಮುಂದಿನ ದಿನಗಳಿಗೆ ಹೆಜ್ಜೆಯಿಡುತ್ತದೆ. ಮತ್ತೆ ಹೊಸ ಅಳತೆ ಬಂದಾಗ ಮತ್ತೆ ತಿದ್ದಿಕೊಳ್ಳುತ್ತದೆ.

ಮೇಲ್ಮೈಯ ಬಿಸಿಯನ್ನು ಮುಂಗಾಣಲು ಮೇಲ್ಮೈಯೊಂದನ್ನೇ ಅಳೆದರೆ ಸಾಲದು. ಗಾಳಿ ಬೀಸಿ ಕಡಲನ್ನು ಕಲಕಿದಾಗ ಮೇಲೆ ಬರುವುದು ಅಡಿಯ ನೀರು. ಆದ್ದರಿಂದಲೇ ಆರ್ಗೋ ಯೋಜನೆಯ ತೇಲುಯಂತ್ರಗಳಿಗೆ ಮಹತ್ವ. ಅವು ಒಂದು ಸಾವಿರ ಮೀಟರ್ ಆಳದಲ್ಲಿ ತೇಲುತ್ತ, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಉಷ್ಣತೆ ಮತ್ತು ಉಪ್ಪಿನಂಶ ಅಳೆಯುತ್ತ ಮೇಲೇರಿ ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ. 2007ರ ಹೊತ್ತಿಗೆ ಲೋಕದ ಕಡಲುಗಳಲ್ಲಿ ಮೂರು ಸಾವಿರ ಯಂತ್ರಗಳ ಗುರಿ ಮುಟ್ಟಿತು. ಭಾರತದ ಪಾಲಿನ ಹೊಣೆ 1999ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರದ್ದು. ಈ ಅಳತೆಗಳನ್ನು ಮಾದರಿಯೊಳಗೆ ಬೆರೆಸಿ ಅದು ಸಿದ್ಧಪಡಿಸುವ ಕಡಲಿನ ಚಿತ್ರವೇ, 2012ರಲ್ಲಿ ಆರಂಭವಾದ ಮಾನ್ಸೂನ್ ಮಿಷನ್ ಅಡಿಯಲ್ಲಿ ಪುಣೆಯಲ್ಲಿ ಬೆಳೆಸಿದ ಜೋಡಿಮಾದರಿಗೆ ಆರಂಭಸ್ಥಿತಿಯಾಯಿತು. ಆ ಮಾದರಿ ಹಿಂದೂ ಮಹಾಸಾಗರವನ್ನು ಇರುವುದಕ್ಕಿಂತ ತಂಪಾಗಿ ತೋರಿಸುವ ಹಳೆಯ ದೋಷವೂ ಈ ವೀಕ್ಷಣೆಗಳೊಡನೆ ಹೋಲಿಸಿದ್ದರಿಂದಲೇ ಬೆಳಕಿಗೆ ಬಂದುದು.

ಈಗ ಮತ್ತೆ ಬಯಲಿಗೆ ಬರಬೇಕು. ಗಾಡ್ಗೀಳ್ ಮತ್ತು ಪಿ.ಆರ್. ಶೇಷಗಿರಿರಾವ್ ಮುಂತಾದವರು ಪಾವಗಡ ಸೀಮೆಯ ಶೇಂಗಾ ಬೆಳೆಗಾರರೊಡನೆ ನಡೆಸಿದ ಅಧ್ಯಯನ ಜಾನಪದ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ರೈತರ ಪಾರಂಪರಿಕ ಅರಿವು ರೂಪುಗೊಂಡದ್ದು ಹಳೆಯ ಮಿಶ್ರಬೆಳೆಗಳ ಜೊತೆಯಲ್ಲಿ. ಶೇಂಗಾ ಏಕಬೆಳೆಯಾಗಿ ಹರಡಿ ಕೆಲವೇ ದಶಕಗಳಾಗಿರುವುದರಿಂದ ಯಾವಾಗ ಬಿತ್ತಿದರೆ ಕ್ಷೇಮ ಎಂಬುದನ್ನು ಅನುಭವದಿಂದ ಕಂಡುಕೊಳ್ಳುವಷ್ಟು ಕಾಲ ಅವರಿಗೆ ಸಿಕ್ಕಿಲ್ಲ ಎಂಬುದು ಆ ಅಧ್ಯಯನದ ಒಂದು ಮುಖ್ಯ ವಿಚಾರ. ಇದು ಮಾಯಕೊಂಡಕ್ಕೂ ಒಪ್ಪುತ್ತದೆ. ಜೋಳ, ರಾಗಿ, ಹತ್ತಿಗಳ ಜಾಗವನ್ನು ಇಲ್ಲಿ ಮೆಕ್ಕೆಜೋಳ ಆವರಿಸಿದ್ದು ಬಹುಮಟ್ಟಿಗೆ 1990ರಿಂದ ಈಚೆಗೆ. ಜೋಳಕ್ಕೆ ಗಾದೆಗಳಿವೆ, ಮೆಕ್ಕೆಜೋಳಕ್ಕೆ ಇಲ್ಲ. ಜೋಳ ನೀರಿಲ್ಲದೆ ಕೆಲವು ದಿನ ತಾಳಿಕೊಳ್ಳುತ್ತದೆ. ಮೆಕ್ಕೆಜೋಳ ಸೂಲಂಗಿ ಬಿಡುವ ಹೊತ್ತಿಗೆ ಎರಡು ವಾರ ಮಳೆ ತಪ್ಪಿದರೆ ತೆನೆ ಬೊಕ್ಕಾಗುತ್ತದೆ. ಆರಿದ್ರೆಯಲ್ಲಿ ಬಿತ್ತಿದ ಪೈರಿಗೆ ಆ ಹೊತ್ತು ಬರುವುದು ಆಶ್ಲೇಷ-ಮಘೆಗಳಲ್ಲಿ, ಅಂದರೆ ಆಗಸ್ಟ್‌ನಲ್ಲಿ.

2023ರಲ್ಲಿ ನಡೆದದ್ದು ಇದೇ. ಶಾಂತಸಾಗರ ಬಿಸಿಯಾಗುತ್ತಿದೆ ಎಂಬುದು ಆ ವರ್ಷ ಮೊದಲೇ ತಿಳಿದಿತ್ತು. 1982ರಂತೆ ಕುರುಡಾಗಿ ಯಾರೂ ಕುಳಿತಿರಲಿಲ್ಲ. ಏಪ್ರಿಲ್‌ನಲ್ಲಿ ದೇಶಕ್ಕೆ ಸರಾಸರಿಯ ನೂರಕ್ಕೆ 96ರಷ್ಟು ಮಳೆಯ ಮುನ್ಸೂಚನೆ ಇತ್ತು, ಬಂದದ್ದು 94. ಋತುವಿನ ಒಟ್ಟು ಲೆಕ್ಕದಲ್ಲಿ ಇದು ದೊಡ್ಡ ತಪ್ಪಲ್ಲ. ಆದರೆ ಆ ವರ್ಷದ ಆಗಸ್ಟ್ 1901ರಿಂದೀಚಿನ ದಾಖಲೆಯಲ್ಲೇ ಅತಿ ಒಣ ಆಗಸ್ಟ್ ಆಯಿತು, ಕೊರತೆ ನೂರಕ್ಕೆ 36. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಋತುವಿನ ಸರಾಸರಿ ಸರಿಯಾಗಿದ್ದು ಹೊಲ ಒಣಗಿದ ಈ ನಿದರ್ಶನ, ಒಕ್ಕಲಿಗನ ಪ್ರಶ್ನೆ ಬೇರೆಯೇ ಎಂಬುದನ್ನು ತೋರಿಸುತ್ತದೆ. ಅವನಿಗೆ ಬೇಕಾದದ್ದು ‘ಈ ವರ್ಷ ಎಷ್ಟು’ ಎಂಬುದಕ್ಕಿಂತ ‘ಮಘೆ ಬರುತ್ತದೆಯೋ’ ಎಂಬುದು. ಈ ಪ್ರಶ್ನೆಯ ಅವಧಿ ಎರಡು-ಮೂರು ವಾರ. ಕೊಲ್ಲಿಯ ನೀರು ತಣಿದು ಕಾಯುವ ಅವಧಿಯೂ ಹೆಚ್ಚುಕಡಿಮೆ ಅಷ್ಟೆ. ಗಾದೆ ಕಟ್ಟಿದವರು ವರ್ಷವನ್ನು ಹದಿಮೂರು-ಹದಿನಾಲ್ಕು ದಿನಗಳ ತುಂಡುಗಳಾಗಿ ಕತ್ತರಿಸಿದ್ದು ಆಕಾಶದ ಲೆಕ್ಕಕ್ಕಾಗಿಯೇ ಇರಬಹುದು. ಆದರೂ ಮಳೆಯ ಮಾತನ್ನು ತಿಂಗಳಿನಲ್ಲಿ ಹೇಳುವುದಕ್ಕಿಂತ ಆ ತುಂಡಿನಲ್ಲಿ ಹೇಳಿದರೆ ರೈತನ ನಿರ್ಧಾರಕ್ಕೆ ಹತ್ತಿರವಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ. ‘ವರುಣಮಿತ್ರ’ ದೂರವಾಣಿಯಲ್ಲಿ ಕೇಳಿದವರಿಗೆ ಮಾಹಿತಿ ನೀಡುತ್ತದೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಜಿಲ್ಲೆಯ ರೈತರಿಗೆ ಸಲಹೆ ನೀಡುತ್ತ ಬಂದಿದೆ. ಪಂಚಾಂಗದ ಮಳೆನಕ್ಷತ್ರಗಳ ಪಟ್ಟಿ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲಿನಂತೆಯೇ ಅಚ್ಚಾಗುತ್ತಿದೆ. ಹೋಬಳಿಯ ಮಳೆ ಅಂಕಿಗಳನ್ನು ನಕ್ಷತ್ರವಾರು ವಿಂಗಡಿಸಿ, ಗಾದೆಗಳೊಡನೆ ಹೋಲಿಸಿ, ಯಾವ ಗಾದೆ ಇನ್ನೂ ನಿಲ್ಲುತ್ತದೆ, ಯಾವುದು ಸವೆದಿದೆ ಎಂದು ನೋಡುವ ಕೆಲಸಕ್ಕೆ ಬೇಕಾದ ಸಾಮಗ್ರಿ ಈಗ ಎರಡೂ ಕಡೆ ಸಿದ್ಧವಿದೆ. ಮೆಕ್ಕೆಜೋಳ ಬೆಳೆಯುವವರ ಬಾಯಲ್ಲಿ ಹೊಸ ಮಾತುಗಳು ಹುಟ್ಟುತ್ತಿವೆಯೇ ಎಂಬುದನ್ನೂ ಆ ಜೊತೆಯಲ್ಲೇ ಸಂಗ್ರಹಿಸಬೇಕಾಗುತ್ತದೆ.